ಜಾಸ್ಮಿನ್ ಸಿಸ್ಟರ್‌ಗೆ ಎರಡು ಸೀಟು

ಕೌಲ್ ಬಜಾರಿನ ಬಳೆ ಅಂಗಡಿಯವನು ಜಾಸ್ಮಿನ್ ಬರುವುದನ್ನು ಕಂಡರೆ ಮೊದಲು ಸ್ಟೂಲು ಹಾಕುತ್ತಿದ್ದ, ಆಮೇಲೆ ಚಹಾಕ್ಕೆ ಹೇಳಿ ಕಳಿಸುತ್ತಿದ್ದ. ಹಸಿರೋ ಕೆಂಪೋ ಎಂದು ಅವಳು ತೀರ್ಮಾನಿಸುವಷ್ಟರಲ್ಲಿ ಬೇರೆ ಗಿರಾಕಿಗಳು ಬಂದು, ಚೌಕಾಸಿ ಮಾಡಿ, ಕೊಂಡು ಹೋಗಿರುತ್ತಿದ್ದರು. ಕೊನೆಗೆ ಅವಳು ಎರಡನ್ನೂ ಬಿಟ್ಟು ಒಂದು ಹಾಳೆ ಸೇಫ್ಟಿ ಪಿನ್ನು ತಗೊಂಡು ಮನೆಗೆ ಬರುತ್ತಿದ್ದಳು.

ಇದೇ ಜಾಸ್ಮಿನ್ ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ನರ್ಸು. ಅಲ್ಲಿ ಅವಳ ಕೈಚಳಕ ನೋಡಿದವರು ಬಳೆಯ ಕಥೆಯನ್ನು ನಂಬುತ್ತಿರಲಿಲ್ಲ. ಆದರೆ ಅಲ್ಲಿಯೂ ಏನು ಮಾಡಬೇಕೆಂದು ಗೊತ್ತಿದ್ದರೂ ಅವಳು ಮೊದಲು ಡಾಕ್ಟರಿಗೆ ಫೋನು ಹಚ್ಚುತ್ತಿದ್ದಳು. ಆ ಕಡೆಯಿಂದ ‘ಹೂಂ’ ಎಂದು ಬಂದ ಮೇಲೇ ನಿರಾಳ. ಆಸ್ಪತ್ರೆಯ ನಿಯಮವೂ ಹಾಗೇ ಇತ್ತು, ಅವಳ ಸ್ವಭಾವಕ್ಕೂ ಅದು ಚೆನ್ನಾಗಿ ಒಗ್ಗಿತ್ತು.

ಇಂಥವಳಿಗೆ ಒಂದೇ ವಾರದಲ್ಲಿ ಎರಡು ಕಡೆ ಸೀಟು ಸಿಕ್ಕಿತು. ಒಂದು, ಬಳ್ಳಾರಿಯಲ್ಲೇ ಎಂಎಸ್ಸಿ ನರ್ಸಿಂಗ್. ಮುಗಿಸಿದರೆ ಕಾಲೇಜಿನಲ್ಲಿ ಪಾಠ ಹೇಳಬಹುದು. ಇನ್ನೊಂದು, ಮಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸ್ ಪ್ರಾಕ್ಟೀಷನರ್ ಕೋರ್ಸು. ಅದು ಹೆಚ್ಚೂಕಡಿಮೆ ಪೂರ್ತಿ ರೋಗಿಯ ಮಂಚದ ಪಕ್ಕದಲ್ಲೇ ನಿಂತು ಕಲಿಯುವ ಓದು. ಕಲಿತವಳು ಎಷ್ಟೋ ವಿಷಯಗಳಲ್ಲಿ ತಾನೇ ನಿರ್ಧಾರ ತೆಗೆದುಕೊಳ್ಳಬೇಕು. ನಿರ್ಧಾರ ತೆಗೆದುಕೊಳ್ಳುವ ಕೆಲಸಕ್ಕೆ ಸೇರಬೇಕೋ ಬೇಡವೋ ಎಂಬ ನಿರ್ಧಾರವಾಗದೆ ಜಾಸ್ಮಿನ್ ಊಟ ಬಿಟ್ಟಳು.

ಅಪ್ಪ ದಸ್ತಗೀರಸಾಬ್ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರ. ದಿನವಿಡೀ ನಿಂತೇ ಬಟ್ಟೆ ಕತ್ತರಿಸುವ ಅವರಿಗೆ ಸಂಶಯವೇ ಇರಲಿಲ್ಲ. “ಪಾಠ ಹೇಳಾಕ ಹೋಗು ಬೇಟಿ. ಕುರ್ಚಿ ಐತಿ, ಮ್ಯಾಲ ಫ್ಯಾನ್ ಐತಿ. ಇನ್ನೇನ್ ಬೇಕು?”

ತಾಯಿ ಶಾಹಜಾನಬಿ ಮಾತ್ರ ಮಂಗಳೂರಿನ ಕೋರ್ಸಿನ ಹೆಸರು ಹೇಳಲು ಬಾರದೆ, ಮಗಳು ಅರ್ಧ ಡಾಕ್ಟರ್ ಆಗುತ್ತಾಳೆ ಎಂದು ಓಣಿಗೆಲ್ಲ ಹೇಳಿ ಬಂದರು. ಸಂಜೆಯೊಳಗೆ ಪಕ್ಕದ ಮನೆಯ ಸಾವಂತ್ರಮ್ಮ ಎಕ್ಸ್‌ರೇ ಹಿಡಿದುಕೊಂಡು ಹಾಜರ್.

“ಅಜ್ಜಿ, ನಾ ಇನ್ನಾ ಸೇರೇ ಇಲ್ಲ. ಸೇರಿದ್ರೂ ಅರ್ಧ ಡಾಕ್ಟರ್ ಅಂತೇನೂ ಆಗಂಗಿಲ್ಲ,” ಎಂದಳು ಜಾಸ್ಮಿನ್.

“ಅರ್ಧ ಆದ್ರ ಸಾಕವ್ವಾ. ನನಗೂ ಒಂದ ಮೊಣಕಾಲು ನೋಯ್ತೈತಿ.”

ಪಾಠ ಹೇಳುವುದು ಒಗ್ಗುತ್ತದೋ ಇಲ್ಲವೋ ನೋಡಿಯೇ ಬಿಡೋಣವೆಂದು ಜಾಸ್ಮಿನ್ ರಜೆ ಹಾಕಿ ಸಿರುಗುಪ್ಪಕ್ಕೆ ಹೋದಳು. ಅವಳಿಗೆ ಕಲಿಸಿದ್ದ ಸುನಂದಾ ಮೇಡಂ ಈಗ ಅಲ್ಲಿನ ಸಣ್ಣ ನರ್ಸಿಂಗ್ ಶಾಲೆಯೊಂದರಲ್ಲಿದ್ದರು. “ಬಾ, ಒಂದು ಕ್ಲಾಸ್ ತಗೋ,” ಎಂದು ಅವರೇ ಕರೆದಿದ್ದರು.

ಮಂಚದ ಮೇಲೆ ರಬ್ಬರಿನ ಗೊಂಬೆ, ಸುತ್ತಲೂ ಹುಡುಗಿಯರು. ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುವುದನ್ನು ತೋರಿಸಬೇಕಿತ್ತು. ಜಾಸ್ಮಿನ್ ಶುರುವೇನೋ ಚೆನ್ನಾಗಿ ಮಾಡಿದಳು. ನಳಿಕೆ ಕೈಗೆ ಬಂದದ್ದೇ ತಡ, ಹುಡುಗಿಯರು ಮರೆತುಹೋದರು. “ಅಜ್ಜಾ, ಸ್ವಲ್ಪ ತಡಕೋರಿ. ಹಾಂ, ಉಗುಳು ನುಂಗ್ರಿ. ಆತು, ಆತು,” ಎಂದು ಗೊಂಬೆಯ ತಲೆ ಸವರಿದಳು. ಮುಗಿದ ಮೇಲೆ ಹೊದಿಕೆಯನ್ನು ಅದರ ಕತ್ತಿನವರೆಗೆ ಎಳೆದಳು.

“ಮೇಡಂ, ಗೊಂಬಿಗೂ ಚಳಿ ಆಕ್ಕೈತೇನ್ರಿ?” ಎಂದಳು ಮುಂದೆ ನಿಂತಿದ್ದ ಮೇಘಾ ಎಂಬ ಹುಡುಗಿ.

“ಫ್ಯಾನ್ ಜೋರೈತಿ,” ಎಂದಳು ಜಾಸ್ಮಿನ್, ಇದ್ದಬದ್ದ ಗಾಂಭೀರ್ಯವನ್ನೆಲ್ಲ ಒಟ್ಟುಗೂಡಿಸಿ. ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಸುನಂದಾ ಮೇಡಂ ಅವಳನ್ನು ಹೊರಗೆ ಕರೆದರು. “ಪಾಠ ಚಲೋ ಮಾಡಿದಿ. ಆದ್ರ ಮಾಡಿದ್ದು ಗೊಂಬಿಗಿ. ಹುಡುಗೇರು ಬಾಜೂಕ ನಿಂತು ಕೇಳಿಸ್ಕೊಂಡ್ರು, ಅಷ್ಟ.”

ಅಲ್ಲಿಗೆ ವಿಷಯ ಇತ್ಯರ್ಥವಾಗಬೇಕಿತ್ತು. ಬೇರೆಯವರಿಗಾದರೆ ಆಗುತ್ತಿತ್ತು. ಜಾಸ್ಮಿನ್ ಮಾತ್ರ ನೇರ ಬಳ್ಳಾರಿಯ ಬಸ್ಸು ಹತ್ತದೆ, ಇನ್ನೊಬ್ಬರನ್ನು ಕೇಳಿಬಿಡೋಣವೆಂದು ಕುರುಗೋಡಿನ ಬಸ್ಸು ಹತ್ತಿದಳು. ಅಲ್ಲಿ ಅವಳ ಹಳೆಯ ಸಹಪಾಠಿ ಪಂಪಾವತಿ ಇದ್ದಳು. ಹೆರಿಗೆ ಮಾಡಿಸುವುದರಲ್ಲಿ ಇಂಥದೇ ಪ್ರಾಕ್ಟೀಷನರ್ ತರಬೇತಿ ಮುಗಿಸಿ ಬಂದವಳು. ಇಬ್ಬರೂ ಬಸ್‌ಸ್ಟ್ಯಾಂಡಿನ ಎದುರು ಮಂಡಕ್ಕಿ, ಮಿರ್ಚಿ ತಗೊಂಡು ಕೂತರು.

“ನನಗ ಅಂಜಿಕಿ ಬರ್ತೈತಿ ಪಂಪಾ. ಅಲ್ಲಿ ಕೇಳಾಕ ಯಾರೂ ಇರಂಗಿಲ್ಲಲ್ಲ.”

“ಯಾಕಿರಂಗಿಲ್ಲ? ದೊಡ್ಡ ಡಾಕ್ಟರ್ ಇರ್ತಾರ. ಆದ್ರ ನೀ ಏನ್ ಮಾಡ್ತಿ ಹೇಳು ಅಂತ ಮದ್ಲು ಅವ್ರ ಕೇಳ್ತಾರ. ಮದ್ಲನೇ ಸಲ ನನಗ ಬಾಯೇ ಬರ್ಲಿಲ್ಲ. ಹೆರಿಗಿ ಬ್ಯಾನಿ ತಿನ್ನಾಕತ್ತಿದ್ದ ಆ ಹೆಣ್ಮಗಳು, ನನ್ನ ಮಾರಿ ನೋಡಿ, ‘ಯಾಕವ್ವಾ, ಏನಾತು?’ ಅಂತ ಆಕಿನ ನನಗ ಸಮಾಧಾನ ಮಾಡಿದ್ಲು.”

ಜಾಸ್ಮಿನ್‌ಗೆ ನಗು ತಡೆಯಲಾಗಲಿಲ್ಲ. “ಈಗ?”

“ಈಗೂ ಅಂಜಿಕಿ ಐತಿ. ಆದ್ರ ನಾ ಅಂಜಿ ನಿಂತೆ ಅಂತ ಕೂಸು ನಿಲ್ತೈತೇನು? ಬಂದ ಬಿಡ್ತೈತಿ.”

ಜಾಸ್ಮಿನ್ ಮಿರ್ಚಿಯ ತೊಟ್ಟು ತಿರುವಿದಳು. “ಡಾಕ್ಟರ್ ಹೂಂ ಅನ್ಲಿ ಅಂತ ಫೋನ್ ಹಿಡಕೊಂಡು ನಿಂತು ನಿಂತು ನನಗ ಸಾಕಾಗೇತಿ ಪಂಪಾ,” ಎಂದಳು ಆಮೇಲೆ. ಈ ಮಾತನ್ನು ಅವಳು ಮನೆಯಲ್ಲಿ ಯಾರ ಮುಂದೆಯೂ ಆಡಿರಲಿಲ್ಲ. ಪಂಪಾವತಿ ನಗಲಿಲ್ಲ. “ಹಂಗಾದ್ರ ಅದ ಫೋನಿನ್ಯಾಗ ಈಗ ಮಂಗಳೂರಿಗೆ ಹಚ್ಚು. ಮನಿಗಿ ಹೋದ್ರ ಮತ್ತ ಬದಲಾಗ್ತಿ ನೀ.”

ಹಚ್ಚಿದಳು. ಬರುತ್ತೇನೆ ಎಂದಳು. ಬಸ್ಸು ಹತ್ತಿ ಕೂತ ಮೇಲೆ ಮತ್ತೆ ಫೋನು ಮಾಡಿ, ಹೇಳಿದ್ದು ಕೇಳಿಸಿತಲ್ಲವೇ ಎಂದು ವಿಚಾರಿಸಿದಳು. ಆಫೀಸಿನವರು ತಾಳ್ಮೆಯವರು. ಕೇಳಿಸಿದೆ ಸಿಸ್ಟರ್, ಬನ್ನಿ ಎಂದರು.

ಸುದ್ದಿ ಕೇಳಿ ಶಾಹಜಾನಬಿ ಮೊದಲು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ, “ಅಲ್ಲಿ ಕುಚಲಕ್ಕಿ ಅನ್ನ ಅಂತಲ್ಲ, ಹೆಂಗ ತಿಂತಿ?” ಎಂದು ಖಡಕ್ ರೊಟ್ಟಿ ತಟ್ಟಲು ಕೂತರು. ದಸ್ತಗೀರಸಾಬ್ ಎರಡು ದಿನ ಬಿಟ್ಟು ದಪ್ಪ ಜೀನ್ಸ್ ಬಟ್ಟೆಯ ಚೀಲವೊಂದನ್ನು ಹೊಲಿದು ತಂದು ಮಗಳ ಮುಂದಿಟ್ಟರು. ಅದಕ್ಕೆ ಎಷ್ಟು ಜೇಬುಗಳಿದ್ದವೆಂದರೆ, ಇಟ್ಟ ಸಾಮಾನು ಹುಡುಕಲು ಜಾಸ್ಮಿನ್ ಇಂದಿಗೂ ಒದ್ದಾಡುತ್ತಾಳೆ.

ಮಂಗಳೂರಿನ ಮೊದಲ ತಿಂಗಳುಗಳಲ್ಲಿ ಅವಳ ಉತ್ತರಗಳೆಲ್ಲ “ಬಹುಶಃ” ಎಂದೇ ಶುರುವಾಗುತ್ತಿದ್ದವು. ನಿಧಾನವಾಗಿ ಆ ಬಹುಶಃ ಉದುರಿಹೋಯಿತು. ಒಂದು ಬೆಳಿಗ್ಗೆ, ಉಸಿರಾಟದ ಯಂತ್ರದ ಮೇಲಿದ್ದ ಮೀನುಗಾರರೊಬ್ಬರನ್ನು ತೋರಿಸಿ ದೊಡ್ಡ ಡಾಕ್ಟರು, “ಏನು ಮಾಡೋಣ?” ಎಂದು ಕೇಳಿದರು. ಯಂತ್ರದ ನೆರವನ್ನು ಸ್ವಲ್ಪ ಇಳಿಸಬಹುದು ಎಂದು ಜಾಸ್ಮಿನ್ ಹೇಳಿದಳು, ಯಾಕೆಂದೂ ಹೇಳಿದಳು. “ಸರಿ, ಮಾಡಿ,” ಎಂದು ಅವರು ಮುಂದಿನ ಮಂಚಕ್ಕೆ ಹೋದರು. ಜಾಸ್ಮಿನ್ ಇಳಿಸಿದಳು. ಇಳಿಸಿ ಅಲ್ಲೇ ನಿಂತಳು. ಊಟದ ಹೊತ್ತು ಮೀರಿದರೂ ಕದಲಲಿಲ್ಲ. ಮೀನುಗಾರರ ಎದೆ ತನ್ನ ಪಾಡಿಗೆ ಏರುತ್ತ ಇಳಿಯುತ್ತ ಇತ್ತು.

ಆ ದಾರಿಯಲ್ಲಿ ಮತ್ತೆ ಬಂದ ಡಾಕ್ಟರು ನಕ್ಕರು. “ಸಿಸ್ಟರ್, ಅವರು ಚೆನ್ನಾಗಿಯೇ ಉಸಿರಾಡುತ್ತಿದ್ದಾರೆ. ಹೋಗಿ, ನೀವೂ ಸ್ವಲ್ಪ ಉಸಿರಾಡಿ, ಊಟ ಮಾಡಿ ಬನ್ನಿ.”

ಮಂಚ ನೋಡಿಕೊಳ್ಳಲು ಜೊತೆಯ ನರ್ಸಿಗೆ ಹೇಳಿ ಅವಳು ಕ್ಯಾಂಟೀನಿಗೆ ಹೋದಳು. ಕುಚಲಕ್ಕಿ ಅನ್ನ, ಬಂಗುಡೆ ಮೀನಿನ ಸಾರು. ಎರಡನೆಯ ಸಲವೂ ಹಾಕಿಸಿಕೊಂಡು ಉಂಡಳು.