ಪ್ರೆಸ್‌ನ ಎರಡನೆಯ ಏಟು

ನಮ್ಮ ಬ್ಯಾಂಡಿಗೆ ಅಭ್ಯಾಸಕ್ಕೆ ಜಾಗ ಸಿಕ್ಕಿದ್ದು ಪೀಣ್ಯದಲ್ಲಿ. ಮನೆಗಳಿರುವ ಕಡೆ ಡ್ರಮ್ ಬಾರಿಸಿದರೆ ಸ್ವಲ್ಪ ಹೊತ್ತಿಗೇ ಯಾರಾದರೂ ಬಂದು ಬಾಗಿಲು ಬಡಿಯುತ್ತಾರೆ. ಪೀಣ್ಯದಲ್ಲಿ ಆ ತೊಂದರೆ ಇಲ್ಲ. ಅಲ್ಲಿ ಎಲ್ಲರೂ ನಮಗಿಂತ ಜೋರಾಗಿ ಸದ್ದು ಮಾಡುತ್ತಾರೆ. ತಗಡಿನ ಕೆಲಸದ ಒಂದು ಸಣ್ಣ ಕಾರ್ಖಾನೆಯ ಮಾಲೀಕರು ತಮ್ಮ ಶೆಡ್ಡಿನ ಹಿಂದಿನ ಅರ್ಧವನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಮುಂದಿನ ಅರ್ಧದಲ್ಲಿ ಪವರ್ ಪ್ರೆಸ್ಸುಗಳು ತಗಡನ್ನು ಕತ್ತರಿಸಿ, ಒತ್ತಿ, ಸ್ವಿಚ್ ಡಬ್ಬಿಯ ಮುಚ್ಚಳಗಳನ್ನು ಮಾಡುತ್ತಿದ್ದವು. ನಡುವೆ ಇದ್ದದ್ದು ಒಂದು ತಗಡಿನ ಗೋಡೆ, ಅದರಲ್ಲಿ ಚಿಲಕ ಸರಿಯಾಗಿ ಕೂರದ ಒಂದು ಬಾಗಿಲು.

ಬ್ಯಾಂಡಿನಲ್ಲಿ ನಾವು ನಾಲ್ವರು. ಡ್ರಮ್ ನನ್ನದು. ಗಿಟಾರ್ ನುಡಿಸುವವನು, ಹಾಡು ಕಟ್ಟುವವನು, ವಿದೇಶದ ಸಂಗೀತೋತ್ಸವಗಳಿಗೆ ಬರೆದು ಆಹ್ವಾನ ತರಿಸುವವನು ಎಲ್ಲ ಒಬ್ಬನೇ. ಕಾಲೇಜಿನಿಂದಲೂ ನನ್ನ ಗೆಳೆಯ. ನಾನು ಹೆಂಗಸು ಎನ್ನುವುದು ಅವನಿಗೆ ವೇದಿಕೆಯ ಮೇಲೆ ಪರಿಚಯ ಮಾಡಿಕೊಡುವಾಗ ಮಾತ್ರ ನೆನಪಾಗುತ್ತಿತ್ತು. ಉಳಿದಂತೆ ನನ್ನನ್ನೂ ‘ಮಗಾ’ ಎಂದೇ ಕರೆಯುತ್ತಿದ್ದ.

ಗೋಡೆಗೆ ತೀರ ಹತ್ತಿರವಿದ್ದ ಪ್ರೆಸ್ಸಿನ ಮುಂದೆ ಕೂರುತ್ತಿದ್ದವರು ಕುಣಿಗಲ್ ಕಡೆಯ ಒಬ್ಬ ಆಪರೇಟರ್. ನಲವತ್ತರ ಆಸುಪಾಸಿನವರು. ಎಡಗೈಯಿಂದ ತಗಡು ಇಡುವುದು, ಕಾಲಿನಿಂದ ಪೆಡಲ್ ಒತ್ತುವುದು, ಪ್ರೆಸ್ ಬಂದು ಹೊಡೆದು ಮೇಲೆ ಹೋದ ಮೇಲೆ ಬಲಗೈ ಹಾಕಿ ಮುಚ್ಚಳ ತೆಗೆಯುವುದು. ಪಾಳಿ ಮುಗಿಯುವವರೆಗೂ ಅಷ್ಟೇ.

ಒಂದು ಮಧ್ಯಾಹ್ನ ಗಿಟಾರ್‌ನವನು ಕೈ ಎತ್ತಿ ನಮ್ಮನ್ನೆಲ್ಲ ನಿಲ್ಲಿಸಿದ.

“ಮಗಾ, ಆ ಕಡೆ ಕೇಳಿಸ್ಕೋ. ಈಗ ಬರುತ್ತೆ ನೋಡು.”

ಪ್ರೆಸ್ ಹೊಡೆಯುತ್ತಿತ್ತು. ಧಡ್. ಬಿಡುವು. ಧಡ್. ಮತ್ತೆ ಬಿಡುವು. ಬಹಳ ಹೊತ್ತು ಹಾಗೇ ನಡೆಯಿತು. ಆಮೇಲೆ ಒಮ್ಮೆ, ಬಿಡುವು ಇರಬೇಕಾದ ಕಡೆ, ಧಡ್ ಧಡ್.

“ಸಕ್ಕತ್ತಾಗಿಲ್ವಾ ಗುರು? ಆ ಎರಡನೇದು ಕೂತು ಯೋಚ್ನೆ ಮಾಡಿದ್ರೂ ಯಾವನಿಗೂ ಹೊಳಿಯಲ್ಲ.”

ಅವನು ಹೇಳಿದ್ದು ನಿಜ. ತಾಳ ಕಲಿತವರು ಒಂದು ಏಟನ್ನು ತುಸು ಮುಂದೆ ತರುತ್ತಾರೆ, ಇಲ್ಲ ಹಿಂದಕ್ಕೆ ತಳ್ಳುತ್ತಾರೆ. ಏನು ಮಾಡಿದರೂ ಅದಕ್ಕೊಂದು ಲೆಕ್ಕವಿರುತ್ತದೆ. ಇದಕ್ಕೆ ಲೆಕ್ಕವಿರಲಿಲ್ಲ. ನಾನು ಮೈಕ್ ಹಿಡಿದುಕೊಂಡು ಬಾಗಿಲು ದಾಟಿ ಹೋದೆ.

“ಏನ್ ಮೇಡಂ, ನಮ್ ಮಿಷಿನ್ನೂ ಬ್ಯಾಂಡ್‌ಗೆ ಸೇರಿಸ್ಕಂತೀರಾ?” ಎಂದರು ಆಪರೇಟರ್.

“ಎರಡು ಸಲ ಹೊಡೆಯುತ್ತಲ್ಲ ಅಣ್ಣ, ಆ ತಾಳ ಬೇಕಿತ್ತು.”

ಅವರ ನಗು ಅರ್ಧಕ್ಕೆ ನಿಂತಿತು. “ಅದು ತಾಳ ಅಲ್ಲ ಮೇಡಂ, ಕಾಯ್ಲೆ. ಒಂದ್ಸಲ ಒತ್ತಿದ್ರೆ ಒಂದ್ಸಲ ಬಂದು, ಮೇಲಕ್ಕೋಗಿ ನಿಂತ್ಕಬೇಕು. ಇದು ಯಾವಾಗ್ಲೋ ಒಂದೊಂದ್ಸಲ ತಾನೇ ಇನ್ನೊಂದ್ಸಲ ಬರ್ತದೆ. ಕ್ಲಚ್ಚು ಸವ್ದೈತೆ. ಮಾಲೀಕ್ರಿಗೆ ಹೇಳಿವ್ನಿ. ಈ ಆರ್ಡರ್ ಮುಗೀಲಿ ಅಂದವ್ರೆ.”

“ಭಯ ಆಗಲ್ವಾ?”

“ನಿಮ್ದೂ ಪೆಡ್ಲೇ, ನಮ್ದೂ ಪೆಡ್ಲೇ. ನಿಮ್ದು ಹೇಳ್ದಂಗೆ ಕೇಳ್ತದೆ, ಅಷ್ಟೇ.”

ಮೈಕ್ ನಿಲ್ಲಿಸಿ ಕಾದೆವು. ಅವರ ಬಲಗೈ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಯಂತ್ರ ತಪ್ಪು ಮಾಡಲಿ ಎಂದು ನಾವು ನಾಲ್ವರು ಉಸಿರು ಬಿಗಿಹಿಡಿದು ನಿಂತಿದ್ದೆವು. ಕೊನೆಗೊಮ್ಮೆ ಮಾಡಿತು. ಅವರ ಕೈ ಆಗ ಹೊರಗಿತ್ತು. ಗಿಟಾರ್‌ನವನು ಹೆಬ್ಬೆರಳು ಎತ್ತಿ ತೋರಿಸಿದ. ಅವರೂ ಎತ್ತಿ ತೋರಿಸಿದರು.

ಆ ಸದ್ದಿನ ಮೇಲೆ ಕಟ್ಟಿದ ಹಾಡು ನಮ್ಮನ್ನು ಹೊರದೇಶಗಳಿಗೆ ಕರೆದುಕೊಂಡು ಹೋಯಿತು. ಹೊರಗೆ ಹೋಗಿ ನುಡಿಸುವವರ ಬದುಕು ಹೇಗಿರುತ್ತದೆ ಎಂದು ಜನ ಆಸೆಯಿಂದ ಕೇಳುತ್ತಾರೆ. ವೀಸಾಗಾಗಿ ಬ್ಯಾಂಕಿನ ಕಾಗದಗಳನ್ನು ಜೋಡಿಸಿಕೊಂಡು ಕೂರುವುದು, ವಿಮಾನ ನಿಲ್ದಾಣದಲ್ಲಿ ಸಿಂಬಲ್ ತಟ್ಟೆಗಳನ್ನು ಚೀಲದಿಂದ ತೆಗೆದು ಇವು ಆಯುಧವಲ್ಲ ಎಂದು ವಿವರಿಸುವುದು, ಯಾರದೋ ಡ್ರಮ್, ಯಾರದೋ ಸ್ಟೂಲು, ಹಿಂದಿನ ಬ್ಯಾಂಡಿನವನ ಬೆವರು ಆರದ ಜಾಗದಲ್ಲಿ ಅವಸರವಾಗಿ ನನ್ನ ಸ್ನೇರ್ ಡ್ರಮ್ ಮತ್ತು ಪೆಡಲ್ ಕೂರಿಸುವುದು. ಸಂಜೆಯೆನ್ನುವ ಹೊತ್ತಿನಲ್ಲೂ ಬಿಸಿಲು. ಒದ್ದೆ ಹುಲ್ಲು, ತಣ್ಣನೆಯ ಬ್ರೆಡ್ಡು. ಜರ್ಮನಿಯ ಒಂದು ಹೊಲದಲ್ಲಿ ಉತ್ಸವದ ಪುಸ್ತಿಕೆಯಲ್ಲಿ ನಮ್ಮ ಬಗ್ಗೆ ಓದಿದೆ. ನಾವು ‘ಭಾರತದ ಕಾರ್ಖಾನೆಗಳ ಹೃದಯಬಡಿತ’ ಅಂತೆ. ನಾನು ಸಂಪ್ರದಾಯಸ್ಥ ಮನೆಯಿಂದ ಬಂಡೆದ್ದು ಬಂದವಳಂತೆ. ನಮ್ಮ ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದರು. ನಾಗಸಂದ್ರದ ಮನೆಯಲ್ಲಿದ್ದ ಸಂಪ್ರದಾಯವೆಂದರೆ ಅವರ ಪಾಳಿಗೆ ತಕ್ಕಂತೆ ಅಡುಗೆಯಾಗುವುದು, ಅವರು ಮಲಗಿದ್ದಾಗ ಸದ್ದು ಮಾಡದಿರುವುದು. ಬಂಡೇಳಲು ಅಲ್ಲಿ ಏನೂ ಇರಲಿಲ್ಲ.

ಪ್ರೆಸ್ಸಿನ ಹಾಡು ಶುರುವಾದಾಗ ಆ ಸದ್ದು ನನ್ನ ಕಿವಿಯೊಳಗಿನ ಸ್ಪೀಕರಿನಲ್ಲಿ ಬರುತ್ತಿತ್ತು. ಜೋಡಿ ಏಟು ಬಂದಾಗ ನಾನೂ ಜೊತೆಗೆ ಹೊಡೆಯುತ್ತಿದ್ದೆ. ಗಿಟಾರ್‌ನವನು ಜನರಿಗೆ ಅದನ್ನು ಚಪ್ಪಾಳೆಯಲ್ಲಿ ಹೇಳಿಕೊಡುತ್ತಿದ್ದ. ಇಡೀ ಮೈದಾನ ಹೊಡೆಯುತ್ತಿತ್ತು.

ಅಪಘಾತವಾದದ್ದು ಇನ್ನೊಂದು ಪ್ರವಾಸಕ್ಕೆ ತಯಾರಾಗುತ್ತಿದ್ದಾಗ. ಉಳಿದವರು ಇನ್ನೂ ಬಂದಿರಲಿಲ್ಲ; ನಾನೊಬ್ಬಳೇ ಸ್ನೇರ್ ಬಿಗಿಮಾಡುತ್ತಾ ಕೂತಿದ್ದೆ. ಗೋಡೆಯ ಆಚೆ ಒಂದು ಏಟು ಬಿತ್ತು. ಬಿಡುವಿಲ್ಲದೆ ಎರಡನೆಯದು ಬಿತ್ತು. ಮೂರನೆಯದು ಬರಲಿಲ್ಲ.

ಮುಂದಿನದನ್ನು ನಾನು ಕಂಡಷ್ಟೇ ಹೇಳುತ್ತೇನೆ. ಬಾಗಿಲು ತೆಗೆದಾಗ ಆಪರೇಟರ್ ಎದ್ದು ನಿಂತಿದ್ದರು. ಯಂತ್ರ ಒರೆಸುವ ವೇಸ್ಟ್ ಬಟ್ಟೆಯಲ್ಲಿ ಬಲಗೈಯನ್ನು ಸುತ್ತಿ, ಎಡಗೈಯಿಂದ ಅದನ್ನು ಮೇಲಕ್ಕೆ ಹಿಡಿದುಕೊಂಡಿದ್ದರು. ಬಟ್ಟೆ ಆಗಲೇ ನೆನೆದಿತ್ತು. ಪಕ್ಕದ ಪ್ರೆಸ್ಸುಗಳು ಇನ್ನೂ ಹೊಡೆಯುತ್ತಿದ್ದವು, ಅಲ್ಲಿದ್ದವರಿಗೆ ಗೊತ್ತೇ ಆಗಿರಲಿಲ್ಲ. ಆಪರೇಟರ್ ಅವರ ಕಾಲು ನೆಲದ ಮೇಲಿತ್ತು. ಏಟು ಬಿದ್ದ ಗಳಿಗೆಯಲ್ಲಿ ಕಾಲು ಎಲ್ಲಿತ್ತು ಎನ್ನುವುದನ್ನು ನಾನು ನೋಡಲಿಲ್ಲ. ಕೇಳಿದ್ದನ್ನು ಮಾತ್ರ ಹೇಳಬಲ್ಲೆ. ಪೆಡಲ್ ಒತ್ತಿ ಎರಡನೆಯ ಸಲ ಹೊಡೆಸಿದರೆ, ನಡುವೆ ಪ್ರೆಸ್ ಮೇಲೆ ಹೋಗಿ ನಿಲ್ಲುವ ‘ಟಕ್’ ಎನ್ನುವ ಸಣ್ಣ ಸದ್ದು ಇರುತ್ತದೆ. ತಾನಾಗಿ ಬಂದರೆ ಆ ಟಕ್ ಇರುವುದಿಲ್ಲ. ಊರೂರಿನ ವೇದಿಕೆಗಳಲ್ಲಿ ಅದನ್ನು ಕಿವಿಯೊಳಗೇ ಇಟ್ಟುಕೊಂಡು ಬಾರಿಸಿದವಳು ನಾನು. ಅಂದು ಟಕ್ ಇರಲಿಲ್ಲ.

“ನಾನ್ ಒತ್ತಿಲ್ಲ ಮೇಡಂ,” ಎಂದರು. “ನೀವ್ ಕೇಳಿಸ್ಕಂಡ್ರಲ್ಲಾ?”

“ಕೇಳಿಸ್ಕೊಂಡೆ ಅಣ್ಣ.”

ಮೂರು ಬೆರಳು ಹೋದವು. ವಿಮೆಯಿಂದ ಬರಬೇಕಾದದ್ದು ಹೇಗೂ ಬರುತ್ತಿತ್ತು, ಅದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. ಆದರೆ ಮಾಲೀಕರು ಎಲ್ಲರ ಮುಂದೆ, “ನಿದ್ದೆಗಣ್ಣಲ್ಲಿ ಎರಡ್ಸಲ ಒತ್ತವ್ನೆ, ಮಿಷಿನ್ ಏನ್ ಮಾಡ್ತದೆ?” ಎಂದುಬಿಟ್ಟಿದ್ದರು. ಆಸ್ಪತ್ರೆಗೆ ನೋಡಲು ಬಂದ ನೆಂಟರೂ ಅದನ್ನೇ ಹೇಳಿ, ಇನ್ನಾದರೂ ಹುಷಾರಾಗಿರು ಎಂದು ಬುದ್ಧಿವಾದ ಹೇಳಿ ಹೋದರಂತೆ. ಆಪರೇಟರ್ ನನ್ನಿಂದ ಕೇಳಿದ್ದು ಒಂದೇ: ವಿಚಾರಣೆಗೆ ಬರುವ ಕಾರ್ಖಾನೆ ಇಲಾಖೆಯ ಅಧಿಕಾರಿಯ ಹತ್ತಿರ, ಪೆಡಲನ್ನು ತಾವು ಒತ್ತಲಿಲ್ಲ ಎಂದು ಹೇಳಬೇಕು.

ಗಿಟಾರ್‌ನವನಿಗೆ ಹೇಳಿದೆ.

“ನೀನು ನೋಡಿದ್ಯಾ?”

“ಇಲ್ಲ. ಕೇಳ್ದೆ.”

“ಕೇಳಿದ್ದಕ್ಕೆ ಯಾರು ಬೆಲೆ ಕೊಡ್ತಾರೆ ಮಗಾ? ಜಾಗ ಖಾಲಿ ಮಾಡಿಸ್ತಾರೆ, ಅಷ್ಟೇ. ಆ ಕಡೆ ಫೆಸ್ಟಿವಲ್‌ನವರಿಗೆ ಗೊತ್ತಾದ್ರೆ? ಬೆರಳು ತಿಂದ ಮಿಷಿನ್ನು ಅಂತ ಪೋಸ್ಟರ್ ಹಾಕ್ತಾರಾ?”

“ಹಾಕಿದ್ರೂ ಹಾಕ್ತಾರೆ.”

ಅವನು ನಗಲಿಲ್ಲ. “ಪಾಪ ಅನ್ಸುತ್ತೆ ಕಣೇ. ನನಗೂ ಅನ್ಸುತ್ತೆ. ಆದ್ರೆ ನಾವ್ ಹೇಳಿದ ತಕ್ಷಣ ಬೆರಳು ವಾಪಸ್ ಬರುತ್ತಾ?” ಎಂದ. ಅಷ್ಟು ವರ್ಷದಲ್ಲಿ ಅವನು ನನ್ನನ್ನು ‘ಕಣೇ’ ಎಂದದ್ದು ಅದೇ ಮೊದಲು.

ಅಧಿಕಾರಿ ವಯಸ್ಸಾದವರು, ಮರ್ಯಾದಸ್ಥರು. ನನ್ನನ್ನು ಕೂರಿಸಿ, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. ಈ ಯಂತ್ರ ಮುಂಚಿನಿಂದಲೂ ತಾನಾಗಿ ಹೊಡೆಯುತ್ತಿತ್ತು ಎನ್ನುವುದಕ್ಕೆ ಏನಾದರೂ ಇದೆಯೇ ಎಂದರು. ಫೋನಿನಲ್ಲಿ ಹಾಡು ಹಾಕಿದೆ. ಜೋಡಿ ಏಟು ಬರುತ್ತಿದ್ದಂತೆ ಅವರ ಬೆರಳು ಮೇಜಿನ ಮೇಲೆ ತಾನಾಗಿಯೇ ತಟ್ಟಿತು.

“ಚೆನ್ನಾಗಿದೆ ಮೇಡಂ,” ಎಂದರು. “ಆದ್ರೆ ಇದು ಹಾಡು. ಹಾಡಲ್ಲಿ ಏನ್ ಬೇಕಾದ್ರೂ ಸೇರಿಸ್ಬೋದಲ್ವಾ? ಒರಿಜಿನಲ್ ರೆಕಾರ್ಡಿಂಗ್ ಯಾರ ಹತ್ರ ಇದೆ?”

ಇದ್ದದ್ದು ಗಿಟಾರ್‌ನವನ ಹತ್ತಿರ. ಅವರು ನನ್ನೆದುರೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು.

“ಅದು ಮಿಷಿನ್ ಹೊಡೆದಿದ್ದಲ್ಲ ಸಾರ್,” ಎಂದ ನನ್ನ ಗೆಳೆಯ. “ಎರಡನೇ ಏಟು ನಾವು ಕಂಪ್ಯೂಟರಲ್ಲಿ ಹಾಕಿದ್ದು. ಅದು ನಮ್ಮ ಕಾಂಪೊಸಿಷನ್ನು.”

ಅವನ ದನಿ ಎಲ್ಲೂ ಎಡವಲಿಲ್ಲ. ವೇದಿಕೆಯ ಮೇಲೆ ಹಾಡಿನ ಹಿನ್ನೆಲೆ ಹೇಳುವಾಗಲೂ ಅವನು ಹೀಗೇ ಮಾತಾಡುತ್ತಿದ್ದ. ಅಧಿಕಾರಿ ಫೋನ್ ಕೆಳಗಿಟ್ಟು ನನ್ನ ಕಡೆ ನೋಡಿ ಕಡತ ಮುಚ್ಚಿದರು. ವರದಿ ಬಂತು: ಕೆಲಸಗಾರನ ಅಜಾಗರೂಕತೆ.

ಒಪ್ಪಂದಕ್ಕೆ ಸಹಿ ಹಾಕಿದ್ದೆ, ಪ್ರವಾಸಕ್ಕೆ ಹೋದೆ. ಮೊದಲ ಊರಿನಲ್ಲಿ ಆ ಹಾಡು ಬಂದಾಗ ಮೊದಲ ಏಟು ಹೊಡೆದು ಎರಡೂ ಕೈ ಮೇಲಕ್ಕೆತ್ತಿ ಹಿಡಿದೆ. ನನ್ನ ಕೈಯಿಂದ ಎರಡನೆಯದು ಬರಬಾರದು ಎನ್ನುವುದಷ್ಟೇ ಮನಸ್ಸಿನಲ್ಲಿತ್ತು. ಅದು ಬಂತು. ಹಾಡು ಗೊತ್ತಿದ್ದ ಜನ ಚಪ್ಪಾಳೆಯಲ್ಲಿ ಹೊಡೆದರು. ಡ್ರಮ್ ಇಲ್ಲದ್ದರಿಂದ ಅದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಕೈ ಎತ್ತಿದೆ, ಮತ್ತೆ ಹೊಡೆದರು. ಖುಷಿಯಾಗಿದ್ದರು.

ವೇದಿಕೆ ಇಳಿಯುತ್ತಿದ್ದಂತೆ ಗಿಟಾರ್‌ನವನು ಓಡಿಬಂದು ಭುಜ ಹಿಡಿದುಕೊಂಡ. “ಮಗಾ, ಏನ್ ಸ್ಟಾಪು ಅದು! ಜನ ಹೆಂಗೆ ಹಿಡ್ಕೊಂಡ್ರು ನೋಡಿದ್ಯಾ? ಇನ್ಮೇಲೆ ಹಂಗೇ ಇಟ್ಬಿಡೋಣ.”

ಮುಂದಿನ ಊರಿಗೆ ನಾನು ಹೋಗಲಿಲ್ಲ. ಹೂಡಿಯ ಅಪಾರ್ಟ್‌ಮೆಂಟುಗಳಲ್ಲಿ ಈಗ ಮಕ್ಕಳಿಗೆ ಡ್ರಮ್ ಹೇಳಿಕೊಡುತ್ತೇನೆ. ನನ್ನ ಜಾಗಕ್ಕೆ ಬೇರೊಬ್ಬರು ಬಂದಿದ್ದಾರೆ. ಹಾಡಿನಲ್ಲಿ ಆ ‘ಸ್ಟಾಪು’ ಹಾಗೇ ಇದೆಯಂತೆ.

ನನ್ನ ಡ್ರಮ್ ತೆಗೆದುಕೊಂಡು ಬರಲು ಪೀಣ್ಯಕ್ಕೆ ಹೋದ ದಿನ ಆ ಪ್ರೆಸ್ಸಿನ ಮುಂದೆ ಹೊಸಬನೊಬ್ಬ ಕೂತಿದ್ದ. ಸುಮ್ಮನೆ ನಿಂತು ಬಹಳ ಹೊತ್ತು ಕೇಳಿದೆ. ಏಟು, ಟಕ್, ಬಿಡುವು. ಏಟು, ಟಕ್, ಬಿಡುವು. ಒಂದು ಸಲವೂ ತಪ್ಪಲಿಲ್ಲ. ಕ್ಲಚ್ ಬದಲಾಯಿಸಿದ್ದರು.

ಹಳೆಯ ಆಪರೇಟರ್ ಪ್ಯಾಕಿಂಗ್ ಮೇಜಿನ ಹತ್ತಿರವಿದ್ದರು. ಎಡಗೈಯಿಂದ ಮುಚ್ಚಳಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು. ನನ್ನನ್ನು ಕಂಡು ನಕ್ಕರು.

“ಈಗ ಸರಿಯಾಗೇ ಹೊಡೀತದೆ ಮೇಡಂ. ಆ ಹುಡ್ಗ ಬಂದಾಗಿಂದ ಒಂದ್ಸಲಾನೂ ಡಬಲ್ ಹೊಡ್ದಿಲ್ಲ.”

“ಕ್ಲಚ್ ಬದಲಾಯಿಸಿದಾರೆ ಅಣ್ಣ.”

“ಊಂ.” ಇನ್ನೊಂದಿಷ್ಟು ತುಂಬಿದರು. “ನಾನೇ ಒತ್ತಿದ್ನೇನೋ ಮೇಡಂ. ಎಲ್ರೂ ಅಂಗೇ ಅಂತಾರೆ. ಮನೇಲೂ ಅಂಗೇ ಅಂತಾರೆ. ರಿಪೋರ್ಟಲ್ಲೂ ಅಂಗೇ ಬಂದೈತೆ.”

“ಇಲ್ಲ ಅಣ್ಣ. ನಾನು ಕೇಳಿಸ್ಕೊಂಡಿದೀನಿ. ನೀವು ಒತ್ತಿಲ್ಲ.”

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ನನ್ನನ್ನು ಸಮಾಧಾನ ಮಾಡುವವರ ಹಾಗೆ ನೋಡಿದರು.

“ಆ ಹಾಡು ಬಾರ್ಸಿ ಬಾರ್ಸಿ ನಿಮ್ಗಂಗೆ ಕೇಳಿಸಿರ್ಬೋದು,” ಎಂದರು. “ಸ್ವಲ್ಪ ಪಕ್ಕಕ್ಕೆ ನಿಂತ್ಕಳಿ ಮೇಡಂ, ಟ್ರಾಲಿ ಬರ್ತದೆ.”

ನಾನು ಪಕ್ಕಕ್ಕೆ ಸರಿದು ನಿಂತೆ.