ಹೂಂ ಮೇಷ್ಟ್ರು

ನನ್ನ ಅಣ್ಣನಿಗೆ ಶಾಲೆಯ ಮಕ್ಕಳು ಇಟ್ಟ ಹೆಸರು ಹೂಂ ಮೇಷ್ಟ್ರು. ಏನು ಕೇಳಿದರೂ ಹೂಂ ಎಂದು ತಲೆಯಾಡಿಸುತ್ತಾನಲ್ಲ, ಅದಕ್ಕೆ. ಹೊರಗೆ ಹೋಗಲಾ ಸರ್? ಹೂಂ. ಹೋಂವರ್ಕ್ ನಾಳೆ ತರಲಾ ಸರ್? ಹೂಂ. ಒಬ್ಬ ತರಲೆ "ನಿಮ್ಮ ಸ್ಕೂಟರ್ ನಾನೇ ಇಟ್ಕೊಳ್ಲಾ ಸರ್?" ಎಂದು ಕೇಳಿ ಅದಕ್ಕೂ ಹೂಂ ಅನ್ನಿಸಿಕೊಂಡಾಗ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಎಲ್ಲರೂ ನಗುತ್ತಿದ್ದಾರೆಂದು ಅಣ್ಣನೂ ನಕ್ಕ. ಪಕ್ಕದ ಕೋಣೆಯಲ್ಲಿ ಭಾಷೆಯ ಪಾಠ ಮಾಡುತ್ತಿದ್ದ ನನಗೆ ಗೋಡೆಯಾಚೆಯಿಂದ ಅದು ಕೇಳಿಸಿ ಮೈಯೆಲ್ಲ ಉರಿಯಿತು. ಅಣ್ಣನಿಗೆ ಕಿವಿ ಕೇಳುತ್ತಿರಲಿಲ್ಲ. ಶಾಲೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಅದು ಅವನಿಗೆ ಖಚಿತವಾದದ್ದು ಧ್ವನಿಯ ಪಾಠ ಮಾಡುವಾಗ. ಟ್ಯೂನಿಂಗ್ ಫೋರ್ಕನ್ನು ರಬ್ಬರ್ ತುಂಡಿಗೆ ಬಡಿದು ಮಕ್ಕಳ ಕಿವಿಯ ಬಳಿ ಹಿಡಿಯುತ್ತ ಬಂದ. ಕಂಪಿಸುವ ಉಕ್ಕು ಗಾಳಿಯನ್ನು ತಳ್ಳುತ್ತದೆ, ಆ ಗಾಳಿ ಪಕ್ಕದ ಗಾಳಿಯನ್ನು ತಳ್ಳುತ್ತದೆ, ಈ ತಳ್ಳಾಟ ಕಿವಿಯ ತಮಟೆಗೆ ಬಂದು ಮುಟ್ಟಿದರೆ ಅದನ್ನೇ ನಾವು ಸದ್ದು ಅನ್ನುತ್ತೇವೆ ಎಂದು ವಿವರಿಸಿದ. ಮಕ್ಕಳ ಮುಖ ಅರಳುತ್ತಿತ್ತು. ತನ್ನ ಕಿವಿಗೆ ಹಿಡಿದುಕೊಂಡರೆ ಏನೂ ಇಲ್ಲ. ಫೋರ್ಕೇ ಕೆಟ್ಟಿದೆಯೇನೋ ಎಂದು ನೀರಿಗೆ ಮುಟ್ಟಿಸಿದರೆ ನೀರು ಚಿಮ್ಮಿತು. ಕೊನೆಗೆ ಅದರ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡಾಗ ತಲೆಯೊಳಗೆ ಸಣ್ಣಗೆ ಗುಂಯ್ ಎಂದಿತು.

"ಗಾಳಿಗಿಂತ ಗಟ್ಟಿ ವಸ್ತುವಿನಲ್ಲಿ ಸದ್ದು ಚೆನ್ನಾಗಿ ಸಾಗುತ್ತೆ ಅಂತ ವರ್ಷಾ ವರ್ಷ ಹೇಳ್ತಾ ಬಂದೆ ಕಣೇ," ಎಂದ ಮನೆಗೆ ಬಂದು. "ಈಗ ನನ್ನ ತಲೆಬುರುಡೆಯಲ್ಲೇ ಪ್ರಯೋಗ."

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ನಗಿಸಲು ಹೇಳಿದ ಮಾತಿಗೆ ನಮ್ಮಿಬ್ಬರಿಗೂ ನಗು ಬರಲಿಲ್ಲ.

ಕಿವಿಗೆ ಯಂತ್ರ ಹಾಕಿಸಿದ್ದೂ ಆಯಿತು. ಮನೆಯಲ್ಲಿ ಪರವಾಗಿಲ್ಲ, ತರಗತಿಯಲ್ಲಿ ಮಾತ್ರ ಫ್ಯಾನು, ಬೆಂಚು, ಮಕ್ಕಳ ಗಲಾಟೆ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದ ಹಾಗಾಗಿ ತಲೆ ಚಿಟ್ಟುಹಿಡಿಯುತ್ತಿತ್ತು. ಯಂತ್ರ ಮನೆಯ ಮೇಜಿನ ಡ್ರಾಯರ್ ಸೇರಿತು. ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತ. ಸಂದೇಹಗಳನ್ನು ಚೀಟಿಯಲ್ಲಿ ಬರೆದು ಕೊಡಿ ಎಂದು ಮಕ್ಕಳಿಗೆ ಹೇಳಿದ. ಹೆಡ್ ಮೇಡಂ ಅದನ್ನು ಹೊಸ ಬೋಧನಾ ವಿಧಾನ ಅಂದುಕೊಂಡು ಸಭೆಯಲ್ಲಿ ಹೊಗಳಿಬಿಟ್ಟರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

"ಬಾಯಿಬಿಟ್ಟು ಹೇಳಿಬಿಡು ಅಣ್ಣ," ಎಂದು ದಿನಾ ಅವನ ಮುಂದೆ ನಿಂತು ಜಗಳವಾಡಿದೆ.

"ಡ್ರಾಯಿಂಗ್ ಮೇಷ್ಟ್ರ ಗತಿ ನೋಡಿದ್ಯಲ್ಲ. ಕಣ್ಣು ಮಂಜಾಯ್ತು ಅಂತ ಹೇಳ್ಕೊಂಡ್ರು. ಈಗ ಸ್ಟೋರ್ ರೂಮಲ್ಲಿ ಮುರಿದ ಕುರ್ಚಿ ಕಾಯ್ತಾರೆ. ನನ್ನ ಅಲ್ಲಿ ಕೂರಿಸಿದ್ರೆ ನಾನು ಸತ್ತೇಹೋಗ್ತೀನಿ."

"ಹಾಗಂತ ಎಲ್ಲದಕ್ಕೂ ಹೂಂ ಅಂತೀಯಲ್ಲ, ಊಹೂಂ ಅಂದ್ರೆ ಏನು ಕಳ್ಕೋತೀಯ?"

"ಊಹೂಂ ಅಂದ್ರೆ ಯಾಕೆ ಸರ್ ಅಂತಾರೆ. ಆಗ ಇನ್ನೊಂದು ಮಾತು ಕೇಳಿಸ್ಕೋಬೇಕು. ಹೂಂ ಅಂದ್ರೆ ಸುಮ್ನೆ ಹೋಗ್ತಾರೆ."

ನಾನು ಇನ್ನೇನು ಹೇಳಹೊರಟರೂ ಅವನು ಕಣ್ಣು ಬೇರೆ ಕಡೆ ಹೊರಳಿಸಿದರೆ ಮುಗಿಯಿತು, ನನ್ನ ಮಾತು ಗಾಳಿಗೆ.

ಒಂದು ದಿನ ಪ್ರಯೋಗಾಲಯದಲ್ಲಿ ಹತ್ತನೆಯ ತರಗತಿಗೆ ಆಮ್ಲವನ್ನು ತೆಳುಮಾಡುವ ಪ್ರಯೋಗವಿತ್ತು. ನೀರಿಗೆ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು. ಎರಡೂ ಸೇರುವಾಗ ವಿಪರೀತ ಶಾಖ ಹುಟ್ಟುತ್ತದೆ. ನೀರು ಹೆಚ್ಚಿದ್ದರೆ ಆ ಶಾಖವನ್ನು ಅದು ನುಂಗಿಕೊಳ್ಳುತ್ತದೆ. ಆಮ್ಲದ ಮೇಲೆ ಸುರಿದ ನೀರು ಮಾತ್ರ ಅಲ್ಲೇ ಕುದಿದು ಆಮ್ಲವನ್ನೂ ಎಳೆದುಕೊಂಡು ಸಿಡಿಯುತ್ತದೆ. ಅಣ್ಣ ಇದನ್ನು ಮಕ್ಕಳಿಂದ ಪದೇ ಪದೇ ಹೇಳಿಸಿದ್ದ, ಎಲ್ಲರಿಗೂ ರಕ್ಷಣೆಯ ಕನ್ನಡಕ ಹಾಕಿಸಿದ್ದ.

ನಮ್ಮೂರ ಟೈಲರ್ ಮಗಳು ತರಗತಿಗೇ ಜಾಣೆ. ಗಡಿಬಿಡಿಯಲ್ಲಿ ಖಾಲಿ ಬೀಕರಿಗೆ ಆಮ್ಲ ಮೊದಲು ಸುರಿದುಬಿಟ್ಟಳು. ಸುರಿದ ಮೇಲೆ ಅನುಮಾನವಾಯಿತು. ಅಣ್ಣ ಪಕ್ಕದ ಮೇಜಿನ ಮೇಲೆ ಬಗ್ಗಿದ್ದ. "ಸರ್, ಆ್ಯಸಿಡ್ ಮೊದಲೇ ಹಾಕ್ಬಿಟ್ಟೆ. ಇದಕ್ಕೇ ನೀರು ಹಾಕ್ಬಹುದಾ?" ಎಂದು ಕೇಳಿದಳು. ಯಾರೋ ಬಂದು ನಿಂತದ್ದು ಅವನಿಗೆ ಓರೆಗಣ್ಣಿಗೆ ಕಂಡಿತು. ತಲೆಯೆತ್ತದೆ ಹೂಂ ಎಂದ.

ಅವಳ ಕಿರುಚಾಟಕ್ಕೆ ಪಕ್ಕದ ಕೋಣೆಯಿಂದ ನಾನು ಓಡಿಬಂದೆ. ಅಣ್ಣ ಇನ್ನೂ ಬಗ್ಗಿಯೇ ಇದ್ದ. ಎದುರಿನ ಮಕ್ಕಳೆಲ್ಲ ಒಂದೇ ಕಡೆ ನೋಡುತ್ತಿರುವುದನ್ನು ಕಂಡು ಆಮೇಲೆ ತಿರುಗಿದ. ತಿರುಗಿದವನೇ ಅವಳನ್ನು ನಲ್ಲಿಯ ಕೆಳಗೆ ಎಳೆದೊಯ್ದು ನೀರು ಬಿಟ್ಟ. ಕಣ್ಣು ಉಳಿದವು. ಬಲಗೈಯೂ ಕತ್ತೂ ಸುಟ್ಟವು.

ಅವಳು ಏನು ಕೇಳಿದ್ದಳೆಂದು ಪಕ್ಕದಲ್ಲಿದ್ದ ಗೆಳತಿ ನನಗೆ ಹೇಳಿದಳು, ನಾನು ಅಣ್ಣನಿಗೆ ಹೇಳಿದೆ. ಅವನು "ವಿಚಾರಣೆಯಲ್ಲಿ ಎಲ್ಲ ಹೇಳಿಬಿಡ್ತೀನಿ," ಎಂದ. ಮನೆಯಲ್ಲಿ ತಟ್ಟೆಯ ಮುಂದೆ ಕೂತು ಹಾಗೇ ಎದ್ದುಹೋದ. "ಏನೂ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಅತ್ತಿಗೆ ಅತ್ತಳು. ಅತ್ತಿಗೆಯ ಮೇಲೆ ಸಿಟ್ಟು ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಅಣ್ಣನಿಗೆ ಪಾಠ ಬಿಟ್ಟರೆ ಬೇರೆ ಬದುಕೇ ಗೊತ್ತಿಲ್ಲವೆಂಬುದು ನಮ್ಮಿಬ್ಬರಿಗೂ ತಿಳಿದದ್ದೇ.

ವಿಚಾರಣೆ ಹೆಡ್ ಮೇಡಂ ಕೋಣೆಯಲ್ಲಿ ನಡೆಯಿತು. ನಮ್ಮ ಶಾಲೆಯಲ್ಲಿ ಸುರಕ್ಷತೆಯ ನಿಯಮ ಮುರಿದವರನ್ನು ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವಂತಿಲ್ಲ. ಅಂದರೆ ಹುಡುಗಿಯ ಒಂದು ವರ್ಷ ಮಣ್ಣುಪಾಲು. ಟೈಲರ್ ಅದಕ್ಕೂ ಮುಂದೆ ಹೋಗಿದ್ದ. ಹೇಳಿದ ಮಾತು ಕೇಳದವಳನ್ನು ಇನ್ನು ಓದಿಸುವುದಿಲ್ಲ ಎಂದು ಬಾಗಿಲಲ್ಲೇ ಸಾರಿದ್ದ. ಮಗಳ ಕೈಯ ಬ್ಯಾಂಡೇಜು ನೋಡಿದಾಗಲೆಲ್ಲ ಅವನ ದನಿ ಇನ್ನಷ್ಟು ಏರುತ್ತಿತ್ತು.

"ನಿಜ ಹೇಳು," ಎಂದರು ಹೆಡ್ ಮೇಡಂ. "ಹಾಕೋ ಮೊದಲು ಸರ್‌ನ ಕೇಳಿದ್ಯಾ?"

ಮೇಡಂ ತುಟಿ ಮಾತ್ರ ಅಣ್ಣನಿಗೆ ಕಾಣುತ್ತಿತ್ತು. ಹುಡುಗಿ ತಲೆ ತಗ್ಗಿಸಿ ಅಪ್ಪನ ಕಡೆ ತಿರುಗಿದ್ದಳು. ಸರ್ ಕೆಲಸಕ್ಕೆ ಕುತ್ತು ಬರುತ್ತದಂತೆ ಎಂದು ಆಯಾಗಳು ವರಾಂಡದಲ್ಲಿ ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು. "ಇಲ್ಲ ಮೇಡಂ, ಕೇಳ್ಲಿಲ್ಲ. ನಾನೇ ಹಾಕಿದೆ," ಎಂದಳು.

ನಾನು ತೋಳು ಹಿಡಿಯುವುದರೊಳಗೆ ಅಣ್ಣ ಎದ್ದು ನಿಂತಿದ್ದ.

"ಅವಳು ಹೇಳಿದ್ದು ಸತ್ಯ ಮೇಡಂ. ನಾನೂ ಅದನ್ನೇ ಹೇಳೋಕೆ ಬಂದೆ. ಬೇಕಾದ್ದು ಬರ್ಕೊಳ್ಳಿ."

ಎಷ್ಟೋ ಕಾಲದ ಮೇಲೆ ಅವನ ಮುಖ ಹಗುರಾಗಿತ್ತು. ಟೈಲರ್ ಮಗಳ ಭುಜ ಹಿಡಿದು, "ನಡಿ, ಮುಗೀತು ನಿನ್ನ ಓದು," ಎಂದು ಎಬ್ಬಿಸಿದ. ಅಣ್ಣ ಏನೂ ತಿಳಿಯದೆ ಒಬ್ಬೊಬ್ಬರ ಮುಖವನ್ನೇ ನೋಡಿದ. ನಾನು ಅವನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿಕೊಂಡೆ.

"ಕೇಳ್ಲಿಲ್ಲ ಅಂದ್ಲು ಅಣ್ಣ. ನಿನ್ನ ಉಳಿಸೋಕೆ ಸುಳ್ಳು ಹೇಳಿದ್ಲು."

ಆಗ ಅವನ ಮುಖ ಹೇಗಾಯಿತೆಂದು ಬರೆಯುವುದು ನನ್ನಿಂದಾಗದು. ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ.

"ಕೇಳಿದ್ಲು! ನಾನೇ ಹೂಂ ಅಂದೆ. ನಂಗೆ ಕಿವಿ ಕೇಳಲ್ಲ ಮೇಡಂ, ಯಾವತ್ತಿಂದಲೋ ಕೇಳಲ್ಲ."

"ಕೂತ್ಕೊಳ್ಳಿ ಸರ್," ಎಂದರು ಹೆಡ್ ಮೇಡಂ, ಬಹಳ ಮೃದುವಾಗಿ. "ಮಕ್ಕಳ ಮೇಲೆ ನಿಮ್ಗೆಷ್ಟು ಪ್ರೀತಿ ಅಂತ ಗೊತ್ತು. ಅದಕ್ಕೋಸ್ಕರ ಇಲ್ಲದ ಕಥೆ ಕಟ್ಬೇಡಿ. ದಿನಾ ನನ್ ಜೊತೆ ಮಾತಾಡ್ತೀರಲ್ಲ?"

"ನಿಜ ಮೇಡಂ, ಅವನಿಗೆ ಕೇಳಲ್ಲ," ಎಂದೆ.

"ನೀವು ತಂಗಿ. ಅಣ್ಣನಿಗೆ ದನಿಗೂಡಿಸದೆ ಇರ್ತೀರಾ?"

ಮುಚ್ಚಿಡುವುದರಲ್ಲಿ ಅಷ್ಟು ಗಟ್ಟಿಗನಾಗಿದ್ದ ನನ್ನಣ್ಣ. ಈಗ ಬಿಚ್ಚಿಟ್ಟರೂ ನಂಬುವವರಿಲ್ಲ. ಸುತ್ತ ನೋಡಿದ, ಮೇಡಂ ಮುಖ ನೋಡಿದ, ಹುಡುಗಿಯ ಕೈ ನೋಡಿದ.

"ನನ್ನ ಮಾತು ನಂಬಬೇಡಿ. ಪರೀಕ್ಷೆ ಮಾಡಿ," ಎಂದು ನಮಗೆಲ್ಲ ಬೆನ್ನು ಹಾಕಿ, ಖಾಲಿ ಗೋಡೆಗೆ ಮುಖ ಮಾಡಿ ನಿಂತ. "ಈಗ ಕೇಳಿ. ಯಾರು ಬೇಕಾದ್ರೂ, ಏನು ಬೇಕಾದ್ರೂ."

"ಸರ್," ಎಂದರು ಹೆಡ್ ಮೇಡಂ. ಆಮೇಲೆ ಜೋರಾಗಿ, "ಸರ್!" ಎಂದರು. ಮೇಜು ಗುದ್ದಿದರು. ಟೈಲರ್ ಹತ್ತಿರ ಹೋಗಿ ಅವನ ತಲೆಯ ಹಿಂದೆ ಚಪ್ಪಾಳೆ ತಟ್ಟಿದ, ತಟ್ಟಿದ ಕೈಯನ್ನು ಹಾಗೇ ಹಿಡಿದುಕೊಂಡು ನಿಂತ. ಹುಡುಗಿ ಅಳುತ್ತ, "ಸಾಕು ಸರ್, ಈ ಕಡೆ ತಿರುಗಿ ಸರ್," ಎಂದು ಕರೆದಳು, ಮತ್ತೆ ಕರೆದಳು.

"ಇನ್ನೂ ಯಾರೂ ಏನೂ ಕೇಳ್ಲಿಲ್ವಾ?" ಎಂದ ಅಣ್ಣ, ಗೋಡೆ ನೋಡುತ್ತಲೇ.