ಟಾರ್ಕ್ ವ್ರೆಂಚಿನಲ್ಲಿ ಒಡೆದ ಕಾಯಿ

ಗೆಳೆಯರೇ, ಇವತ್ತು ಮಹಾಪೆಯ ನಮ್ಮ ಕ್ಯಾಲಿಬ್ರೇಶನ್ ಲ್ಯಾಬಿಗೆ, ಅಂದರೆ ಉಪಕರಣಗಳ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವ ಜಾಗಕ್ಕೆ, ಒಂದು ಟಾರ್ಕ್ ವ್ರೆಂಚ್ ಮೈತುಂಬ ಕುಂಕುಮ ಹಚ್ಚಿಕೊಂಡು ಬಂತು. ವಿಮಾನದ ಚಕ್ರದ ನಟ್ಟು ಎಷ್ಟು ಬೇಕೋ ಅಷ್ಟು ಬಿಗಿಯಾದ ಕೂಡಲೇ 'ಟಕ್' ಎನ್ನುವ ಪಾನಾ ಅದು. ತಂದವರು ವಿಮಾನ ರಿಪೇರಿ ವರ್ಕ್‌ಶಾಪಿನ ಫೋರ್‌ಮನ್ ವಾಸಣ್ಣ, ಉಡುಪಿ ಕಡೆಯವರು.

"ನಾವು ಪರೀಕ್ಷೆ ಮಾಡಿ ಹಚ್ಚಿದ ಸ್ಟಿಕ್ಕರ್ ಮ್ಯಾಲಿನ ತಾರೀಖು ಇನ್ನೂ ಮುಗದಿಲ್ಲಲ್ರೀ ಅಣ್ಣಾರ, ಯಾಕ ತಂದ್ರಿ?" ಎಂದೆ.

ವಾಸಣ್ಣ ಆಚೀಚೆ ನೋಡಿದರು. "ನಿನ್ನೆ ಆಯುಧಪೂಜೆಗೆ ಕಾಯಿ ಒಡೀಲಿಕ್ಕೆ ಕತ್ತಿ ಸಿಗ್ಲಿಲ್ಲ ಮಾರಾಯ್ತಿ. ಕೈಗೆ ಇದೇ ಸಿಕ್ಕಿತು."

"ಇದರಲೇ ಕಾಯಿ ಒಡದ್ರ್ಯಾ?!"

"ಒಂದೇ ಪೆಟ್ಟಿಗೆ ಸರೀ ಎರಡು ಹೋಳು! ಎಲ್ಲರೂ ಚಪ್ಪಾಳೆ ಹೊಡೆದ್ರು. ಆಮೇಲೆ ನನಗೇ ಹೆದರಿಕೆ ಆಯ್ತು. ಇವತ್ತು ಇದರಲ್ಲೇ ಚಕ್ರ ಬಿಗಿಯುವುದಿತ್ತು."

ಕುಂಕುಮ ಒರೆಸಿ ವ್ರೆಂಚನ್ನು ಪರೀಕ್ಷೆಯ ಯಂತ್ರಕ್ಕೆ ಜೋಡಿಸಿದೆ. ಹೊರಗೆ ಒಂದು ಗೀರೂ ಇರಲಿಲ್ಲ. ಆದರೆ ಬಿಗಿತ ಮಿತಿ ದಾಟಿದರೂ ವ್ರೆಂಚ್ ಸುಮ್ಮನಿತ್ತು. ಎಷ್ಟೋ ಮುಂದೆ ಹೋದ ಮೇಲೆ ನಿಧಾನಕ್ಕೆ 'ಟಕ್' ಎಂದಿತು. ಫೇಲ್! ಕೆಂಪು ಚೀಟಿ ಅಂಟಿಸಿದೆ.

ಮುಖ ಸಪ್ಪಗಾದೀತು ಎಂದುಕೊಂಡರೆ, ವಾಸಣ್ಣ ಕೈಮುಗಿದು ನಕ್ಕೇಬಿಟ್ಟರು. "ದೇವರು ದೊಡ್ಡವ, ಇಲ್ಲೇ ಸಿಕ್ಕಿಬಿತ್ತು!" ಎಂದು ಚೀಲದಿಂದ ಡಬ್ಬಿ ತೆಗೆದರು. ಅದೇ ಕಾಯಿ, ಜೊತೆಗೆ ಬೆಲ್ಲ. ಲ್ಯಾಬಿನವರೆಲ್ಲ ಹೊರಗೆ ನಿಂತು ಮುಗಿಸಿದೆವು.

ಹೊರಡುವಾಗ ನಮ್ಮ ಕ್ಯಾಂಟೀನಿನ ಹಳೇ ಕತ್ತಿಯನ್ನು ಅವರ ಕೈಗಿತ್ತೆ. "ಮುಂದಿನ ವರ್ಷ ಕಾಯಿ ಒಡ್ಯಾಕ ಇದು ಇರಲ್ರೀ."

ವಾಸಣ್ಣ ಕತ್ತಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗಂಭೀರವಾಗಿ ಕೇಳಿದರು: "ಇದರ ಸ್ಟಿಕ್ಕರ್ ಎಲ್ಲುಂಟು?"